ನೀರು ಬಂತು, ಗಂಡು ಹೋಯ್ತು

ಪತ್ರಿಕೆಗೆ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಮಧುಗಿರಿಯ ನನ್ನ ಮನೆಗೆ ಬರುತ್ತಾರೆ. ಬಂದವರು ಮೊದಲು ಫೋನು ತೆಗೆದು, ತಾವು ಬರೆದದ್ದನ್ನು ಎಷ್ಟು ಜನ ನೋಡಿದ್ದಾರೆ ಎಂದು ತೋರಿಸುತ್ತಾರೆ. ಆಗ ಅವರ ಮುಖದಲ್ಲಿ ಕಾಣುವ ಹಿಗ್ಗು ನನಗೆ ಚೆನ್ನಾಗಿ ಗೊತ್ತು. ನಾನೂ ಅದನ್ನು ಒಮ್ಮೆ ಉಂಡವನು. ನಾನು ಬರೆದ ಒಂದು ವರದಿಯನ್ನು ನಾಲ್ಕು ತಾಲ್ಲೂಕಿನಲ್ಲಿ ಓದು ಬಂದವರೆಲ್ಲ ಓದಿದರು, ಬಾರದವರು ಓದಿಸಿಕೊಂಡು ಕೇಳಿದರು. ಅದರಿಂದ ಏನೇನಾಯಿತು ಎಂದು ಈ ಮಕ್ಕಳಿಗೆ ಬಾಯಲ್ಲಿ ಹೇಳಹೋದರೆ ಅರ್ಧಕ್ಕೇ ಮಾತು ಬೇರೆ ಕಡೆ ಹೊರಳಿಸಿಬಿಡುತ್ತೇನೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲಲ್ಲಿ, ತುಮಕೂರಿನಿಂದ ಹೊರಡುತ್ತಿದ್ದ ಒಂದು ಸಣ್ಣ ದಿನಪತ್ರಿಕೆಗೆ ನಾನು ಬಾತ್ಮೀದಾರನಾದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ನನ್ನ ಪಾಲಿಗೆ. ಸುದ್ದಿಯನ್ನು ಕೈಯಲ್ಲಿ ಬರೆದು, ಕವರಿನಲ್ಲಿ ಹಾಕಿ ಅಂಟಿಸಿ, ತುಮಕೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಅಲ್ಲಿ ಬಸ್ ಸ್ಟ್ಯಾಂಡಿಗೆ ಕಚೇರಿಯ ಆಳು ಬಂದು ಇಸಿದುಕೊಳ್ಳುತ್ತಿದ್ದ. ಆಮೇಲೆ ಅಕ್ಷರ ಅಕ್ಷರವಾಗಿ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. ಬಸ್ಸು ಕೆಟ್ಟರೆ ಸುದ್ದಿಯೂ ಕೆಟ್ಟಂತೆ. ಟ್ರಂಕ್ ಕಾಲ್ ಹಾಕಿ ಕಿರುಚಿ ಹೇಳುವುದು ಮಂತ್ರಿಗಳು ಬಂದಾಗ ಮಾತ್ರ.

ಕೆಲಸಕ್ಕೆ ಸೇರಿದ ದಿನ ಸಂಪಾದಕರು ನನ್ನನ್ನು ಎದುರಿಗೆ ಕೂರಿಸಿಕೊಂಡರು. ಅರವತ್ತು ದಾಟಿದವರು, ಬಿಳಿ ಜುಬ್ಬಾ, ಕಿವಿಯ ಮೇಲೆ ಸದಾ ಕೆಂಪು ಪೆನ್ಸಿಲ್. ನಾನು ಬರೆದು ತಂದಿದ್ದ ಒಂದು ಹಾಳೆಯಲ್ಲಿ ಮುಕ್ಕಾಲು ಭಾಗ ಹೊಡೆದುಹಾಕಿ ಹೇಳಿದರು: "ಬರೆಯೋನಿಗೆ ಒಂದೇ ಗೆಲುವು ಕಣಯ್ಯ ರುದ್ರಣ್ಣ. ಓದಿದೋನು ನಂಬಬೇಕು. ಆಹಾ ಎಷ್ಟು ಚೆನ್ನಾಗಿ ಬರೆದಿದ್ದಾನೆ ಅಂತ ಮಡಿಸಿಟ್ಟರೆ, ನೀನು ಸೋತೆ."

ಆ ಮಾತನ್ನು ನಾನು ಎದೆಗೆ ಕಟ್ಟಿಕೊಂಡೆ. ನಂಬುವುದು ಎಂದರೆ ಎಂಥದ್ದು ಎಂದು ಆಗ ನನಗೆ ಗೊತ್ತಿರಲಿಲ್ಲ.

ಮೊದಲ ಏಟು ಕೊರಟಗೆರೆ ಕಡೆಯ ಒಂದು ಹಳ್ಳಿಯಲ್ಲಿ ಬಿತ್ತು. ಹನುಮಂತಯ್ಯ ಎಂಬ ರೈತನ ಮೇಲೆ ಕರಡಿ ಬಿದ್ದಿತ್ತು. ಸೀತಾಫಲ ಕೀಳಲು ಬೆಟ್ಟದ ಬುಡಕ್ಕೆ ಹೋಗಿದ್ದನಂತೆ. ಕೆನ್ನೆ ಹರಿದು ಹೊಲಿಗೆ ಹಾಕಿದ್ದರು. ಆಸ್ಪತ್ರೆಯ ಮಂಚದ ಮೇಲೆ ಒಂದೇ ಕಣ್ಣಲ್ಲಿ ನನ್ನನ್ನು ನೋಡುತ್ತಾ, ಕರಡಿ ಹೇಗೆ ಎರಡು ಕಾಲ ಮೇಲೆ ಎದ್ದು ನಿಂತಿತು, ಅದರ ಬಾಯಿಂದ ಎಂಥಾ ನಾತ ಬಂತು ಎಂದೆಲ್ಲ ಹೇಳಿದ. ನಾನು ಹಾಗೇ ಬರೆದೆ. ಕಂಡಕ್ಟರ್ ನನ್ನ ಕವರನ್ನು ಹಾಲಿನ ಕ್ಯಾನಿನ ಕೆಳಗೆ ಇಟ್ಟನೋ ಏನೋ, ಶಾಯಿ ಕದಡಿ, ತುಮಕೂರಿನಲ್ಲಿ ಯಾರೋ ಊಹೆ ಮಾಡಿ ತಿದ್ದಿದರು. ಪತ್ರಿಕೆಯಲ್ಲಿ ಬಂದದ್ದು: ರೈತನ ಮೇಲೆ ಚಿರತೆ ದಾಳಿ.

ಹನುಮಂತಯ್ಯ ನನ್ನನ್ನು ಬೈಯುತ್ತಾನೆ ಎಂದುಕೊಂಡೇ ಮುಂದಿನ ವಾರ ಅವನ ಮನೆಗೆ ಹೋದೆ. ಜಗಲಿಯ ಮೇಲೆ ನಾಲ್ಕೈದು ಜನರನ್ನು ಕೂರಿಸಿಕೊಂಡು ಅವನು ಕಥೆ ಹೇಳುತ್ತಿದ್ದ.

"ಬಂಡೆ ಮ್ಯಾಲಿಂದ ಹಾರ್ತು ನೋಡು ಚಿರತೆ! ಮೈಯೆಲ್ಲಾ ಚುಕ್ಕೆ!"

ಜನ ಎದ್ದು ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ. "ಹನುಮಂತಯ್ಯ, ಕರಡಿ ಅಲ್ವೇನಪ್ಪ ನಿನ್ನ ಮೇಲೆ ಬಿದ್ದಿದ್ದು?"

ಅವನು ಹೊಲಿಗೆಯ ಕೆನ್ನೆಯನ್ನು ಸವರಿಕೊಂಡ. "ನಾನೂ ಅಂಗೇ ಅಂದ್ಕೊಂಡಿದ್ದೆ ಸ್ವಾಮಿ. ಪೇಪರ್‍ನಲ್ಲಿ ಬಂದ್ಮ್ಯಾಕೆ ಗೊತ್ತಾಯ್ತು. ಕತ್ಲಾಗಿತ್ತಲ್ಲ, ನಂಗೆ ಸರ್‍ಯಾಗಿ ಕಂಡಿಲ್ಲ."

ಅವನು ತಮಾಷೆ ಮಾಡುತ್ತಿರಲಿಲ್ಲ. ಮುಖದ ಮೇಲೆ ಕರಡಿಯ ಉಗುರಿನ ಗುರುತು ಇರುವ ಮನುಷ್ಯ, ಅಚ್ಚಾದ ನಾಲ್ಕು ಸಾಲು ಕೇಳಿ ತನ್ನ ಕಣ್ಣನ್ನೇ ಬಿಟ್ಟುಕೊಟ್ಟಿದ್ದ. ತಿದ್ದುಪಡಿ ಹಾಕಿಸಿದೆ. ಅದನ್ನು ಅವನಿಗೆ ಯಾರೂ ಓದಿ ಹೇಳಲಿಲ್ಲ. ಸಾಯುವ ತನಕ ಅವನದು ಚಿರತೆಯೇ ಆಗಿತ್ತು ಎಂದು ಕೇಳಿದ್ದೇನೆ. ಕಚೇರಿಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಒಬ್ಬನೇ ವಾಪಸು ಬರುವಾಗ ಅವನು ಆ ಕೆನ್ನೆ ಸವರಿಕೊಂಡದ್ದೇ ಕಣ್ಣ ಮುಂದೆ ಬರುತ್ತಿತ್ತು.

ಇನ್ನು ಪಾವಗಡದ ಸುದ್ದಿ. ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಅದು ನಾಗಲಮಡಿಕೆಗೂ ಆಂಧ್ರದ ಗಡಿಗೂ ನಡುವೆ ಎಲ್ಲೋ ಇರುವ, ಕುರಿ ಮೇಯಿಸುವವರ ಒಂದು ಹಟ್ಟಿ ಎಂದಷ್ಟೇ ತಿಳಿದುಕೊಳ್ಳಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಆ ಹೊತ್ತಿಗೆ ಹಳ್ಳಿಹಳ್ಳಿಗೂ ಬೋರು ಕೊರೆದು ಕೈಪಂಪು ಹಾಕುತ್ತಿದ್ದರು. ಒಂದು ಪಂಪಿನ ಉದ್ಘಾಟನೆಯ ಸುದ್ದಿಗೆಂದು ಆ ಕಡೆ ಹೋಗಿದ್ದವನು, ಬಸ್ಸು ತಪ್ಪಿ ಆ ಹಟ್ಟಿಗೆ ನಡೆದುಕೊಂಡು ಹೋದೆ. ಕುಡಿಯಲು ನೀರು ಕೇಳಿದೆ. ನೀರು ತಂದುಕೊಟ್ಟ ಹುಡುಗನ ಕಾಲು ಮಂಡಿಯಿಂದ ಕೆಳಗೆ ಬಿಲ್ಲಿನ ಹಾಗೆ ಬಾಗಿತ್ತು. ಅವನ ಹಿಂದೆ ನಿಂತಿದ್ದ ತಂಗಿಯದೂ ಹಾಗೇ. ನಕ್ಕಾಗ ಇಬ್ಬರ ಹಲ್ಲಿನ ಮೇಲೂ ಕಂದು ಗೆರೆ. ನಲವತ್ತು ದಾಟಿರದ ಗಂಡಸರು ಕತ್ತು ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸಿ ನನ್ನನ್ನು ನೋಡಿದರು. ನನ್ನ ಕೈಯಲ್ಲಿದ್ದ ನೀರಿನ ಚೊಂಬು ಹಾಗೇ ಉಳಿಯಿತು.

ಮಧುಗಿರಿಯ ಆಸ್ಪತ್ರೆಯ ಡಾಕ್ಟರನ್ನು ಕೇಳಿದೆ. ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರಬೇಕು, ಮೂಳೆಗೆ ಹತ್ತಿದೆ ಎಂದರು. ಎರಡನೆಯ ಸಲ ಹೋಗುವಾಗ ಸ್ಟುಡಿಯೋದ ಫೋಟೋಗ್ರಾಫರನ್ನು ಜೊತೆಗೆ ಕರೆದುಕೊಂಡು ಹೋದೆ. ಆಗ ಪತ್ರಿಕೆಯಲ್ಲಿ ಫೋಟೋ ಬರಬೇಕೆಂದರೆ ಬೆಂಗಳೂರಿಗೆ ಕಳಿಸಿ ಬ್ಲಾಕ್ ಎಂಬ ಲೋಹದ ಅಚ್ಚು ಮಾಡಿಸಬೇಕು, ದೊಡ್ಡ ತಾಪತ್ರಯ. ಅದಕ್ಕೆ ಒಂದೇ ಫೋಟೋದಲ್ಲಿ ಎಲ್ಲ ಮಕ್ಕಳೂ ಬರಲಿ ಎಂದು ಅವನು ಗುಡಿಯ ಗೋಡೆಗೆ ಸಾಲಾಗಿ ನಿಲ್ಲಿಸಿದ. ಮಕ್ಕಳನ್ನು ಮನೆಮನೆಯಿಂದ ಕರೆತಂದು, ಮೂಗು ಒರೆಸಿ, ತಲೆ ಬಾಚಿದವಳು ಹದಿನೆಂಟು ಹತ್ತೊಂಬತ್ತರ ಒಬ್ಬ ಹುಡುಗಿ. ಹೆಸರು ರತ್ನಮ್ಮ. ಚುರುಕಾಗಿ ಓಡಾಡುತ್ತಿದ್ದಳು, ಅವಳ ಕಾಲು ನೆಟ್ಟಗಿತ್ತು. ಅವಳ ತಾಯಿ ಅವಳನ್ನು ಬೇರೆ ಊರಿನಲ್ಲಿ ಸೋದರಮಾವನ ಮನೆಯಲ್ಲಿ ಬಿಟ್ಟು ಬೆಳೆಸಿದ್ದಳಂತೆ. ಸಾಲಿನ ತುದಿಯಲ್ಲಿ ಅವಳೂ ನಿಂತಾಗ ಫೋಟೋಗ್ರಾಫರ್ ಕೈ ಬೀಸಿದ.

"ನೀನು ಈ ಕಡೆ ಬಾಮ್ಮ. ನೆಟ್ಟಗಿರೋರು ಯಾರೂ ಬೇಡ."

ಅವಳು ನಗುತ್ತಲೇ ಪಕ್ಕಕ್ಕೆ ಸರಿದಳು.

ವರದಿ ಮುಖಪುಟದಲ್ಲಿ ಬಂತು, ಊರಿನ ಹೆಸರು ತಲೆಬರಹದಲ್ಲೇ ದಪ್ಪ ಅಕ್ಷರದಲ್ಲಿ. ಅವತ್ತು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಪತ್ರಿಕೆ ಬೆಳಿಗ್ಗೆಯೇ ಖಾಲಿಯಾಯಿತು. ಶಿರಾದ ಹೋಟೆಲುಗಳಲ್ಲಿ ಒಬ್ಬ ಓದಿ ಹತ್ತು ಜನ ಕೇಳಿದರು. ಬೆಂಗಳೂರಿನ ಪತ್ರಿಕೆಗಳು ತಮ್ಮವರನ್ನು ಕಳಿಸಿದವು. ಹಟ್ಟಿಗೆ ಜೀಪುಗಳು ಬಂದವು, ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋದವು. ತಿಂಗಳೆರಡು ತಿಂಗಳಲ್ಲಿ ಹಟ್ಟಿಯವರು ಎಷ್ಟೋ ವರ್ಷದಿಂದ ನೀರು ಹಿಡಿಯುತ್ತಿದ್ದ ಕೈಪಂಪಿನ ಹಿಡಿ ಬಿಚ್ಚಿ, ಕೆರೆಯಂಗಳದ ಹಳೆಯ ಬಾವಿಯನ್ನು ಆಳ ಮಾಡಿ ಪೈಪು ಎಳೆಯಲು ಶುರು ಮಾಡಿದರು.

ಸಂಪಾದಕರು ಕೆಂಪು ಪೆನ್ಸಿಲ್ಲನ್ನು ಮೇಜಿನ ಮೇಲಿಟ್ಟು ಎದ್ದು ನಿಂತು ನನ್ನ ಕೈ ಕುಲುಕಿದರು. "ಗೆದ್ದೆ ಕಣಯ್ಯ ರುದ್ರಣ್ಣ. ಬರೆದದ್ದಕ್ಕೆ ನೀರು ಬಂತು ಅಂದರೆ, ಇದಕ್ಕಿಂತ ಇನ್ನೇನು ಬೇಕು?"

ನನಗೂ ಇನ್ನೇನೂ ಬೇಕಾಗಿರಲಿಲ್ಲ. ಅಂಗಡಿ ಬೀದಿಯಲ್ಲಿ ನಡೆದರೆ ಜನ ತಿರುಗಿ ನೋಡುತ್ತಿದ್ದರು. ಎದೆ ಸ್ವಲ್ಪ ಉಬ್ಬಿಸಿಕೊಂಡೇ ನಡೆಯುತ್ತಿದ್ದೆ.

ಒಂದು ಬೆಳಿಗ್ಗೆ ನಮ್ಮ ಮನೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಕಂಬಳಿ ಹೆಗಲ ಮೇಲೆ, ಸೊಂಟದಲ್ಲಿ ಎಲೆಅಡಿಕೆ ಚೀಲ. ರತ್ನಮ್ಮನ ತಾಯಿ ಅಂಜಿನಮ್ಮ. ಧನ್ಯವಾದ ಹೇಳಲು ಬಂದಿದ್ದಾಳೆ ಎಂದುಕೊಂಡು ಒಳಗೆ ಕರೆದೆ. ಅವಳು ಏಳಲಿಲ್ಲ.

"ಪೈಪು ಬಂತೇನಮ್ಮ?" ಎಂದೆ.

"ಬಂತು ಸ್ವಾಮಿ," ಎಂದಳು. "ನೀರು ಬಂತು, ಗಂಡು ಹೋಯ್ತು."

ನನಗೆ ಅರ್ಥವಾಗಲಿಲ್ಲ. ಅವಳು ತನ್ನ ತೆಲುಗು ಬೆರೆತ ಕನ್ನಡದಲ್ಲಿ ಬಿಡಿಸಿ ಹೇಳಿದಳು.

"ನನ್ ಕೂತುರು ರತ್ನಮ್ಮಂಗೆ ಶಿರಾ ಕಡೆ ಗಂಡು ನಿಶ್ಚಯ ಆಗಿತ್ತು ಕದಾ. ವೀಳ್ಯದ ಶಾಸ್ತ್ರ ಆಗೋಗಿತ್ತು. ನಿನ್ ಪೇಪರ್ ಬಂದ್ಮ್ಯಾಲೆ ಬ್ಯಾಡ ಅಂದ್ಬುಟ್ರು. ಸೊಟ್ಟಕಾಲಿನ ಊರಿನ್ ಹೆಣ್ಣು ನಮಗ್ಯಾಕೆ ಅಂದ್ರು. ನಮ್ ಹುಡುಗೀದು ಒಂದೇ ಅಲ್ಲ. ಹಟ್ಟೀಲಿ ಈ ವರ್ಷ ಕೂಡಿದ್ ಸಂಬಂಧ ಎಲ್ಲಾ ಮುರ್‍ದೋದ್ವು. ಅಯ್ಯೋ ದೇವುಡಾ, ನಮ್ಮೂರ್ ಹೆಸ್ರು ಹೇಳಿದ್ರೆ ಬಸ್ನಾಗೆ ಜನ ನಮ್ ಕಾಲು ನೋಡ್ತಾರೆ!"

ಏನೋ ತೊದಲಿದೆ. "ನಾನು ಬರೆದದ್ದರಲ್ಲಿ ಸುಳ್ಳೇನೂ..."

"ಸುಳ್ಳು ಅಂತ ಯಾರಂದ್ರು? ನೀನು ಬರ್‍ದಿದ್ದೆಲ್ಲಾ ನಿಜಾನೇ. ಸೊಟ್ಟ ಇರೋರ್‍ನ ನಿಲ್ಸಿ ಫೋಟೋ ತೆಗ್ದೆ. ನೆಟ್ಟಗಿರೋರ್‍ನ ಯಾಕೆ ಆಚೆ ತಳ್ದೆ? ಅದನ್ನ ಹೇಳು ನಂಗೆ."

ನನ್ನ ಹೆಂಡತಿ ಒಳಗಿನಿಂದ ಕಾಫಿ ತಂದಳು. ಅಂಜಿನಮ್ಮ ಕಾಫಿ ಕುಡಿದು, ಲೋಟವನ್ನು ತೊಳೆದಿಟ್ಟು ಹೇಳಿದಳು: "ನಡಿ ಸ್ವಾಮಿ. ಗಂಡಿನೋರ ಮನೆಗೆ ಹೋಗಾನ. ನಿನ್ ಬಾಯಾಗೇ ಹೇಳು, ನಮ್ ಹುಡುಗಿ ನೆಟ್ಟಗವಳೆ ಅಂತ."

ಶಿರಾಕ್ಕೆ ಒಂದು ಬಸ್ಸು, ಅಲ್ಲಿಂದ ಬುಕ್ಕಾಪಟ್ಟಣದ ಕಡೆಗೆ ಇನ್ನೊಂದು. ಇಳಿದು ಜಾಲಿ ಗಿಡಗಳ ನಡುವೆ ನಡೆದೆವು. ಗಂಡಿನ ತಂದೆ ಚಿತ್ತಯ್ಯ ಕುರಿ ರೊಪ್ಪದ ಮುಂದೆ ಹಗ್ಗ ಹೊಸೆಯುತ್ತಾ ಕೂತಿದ್ದ. ಅಂಜಿನಮ್ಮನನ್ನು ಕಂಡು ಎದ್ದು ನಿಂತು, ಕಂಬಳಿ ಹಾಸಿದ. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ಮಜ್ಜಿಗೆ ತರಿಸಿದ. ಮಾತು ಶುರುವಾದಾಗ ಒಳಗೆ ಹೋಗಿ, ಗೋಡೆಯ ಗೂಡಿನಿಂದ ಮಡಿಸಿಟ್ಟ ಪತ್ರಿಕೆಯನ್ನು ತಂದು ನಮ್ಮ ಮುಂದೆ ಬಿಡಿಸಿದ. ಅವನಿಗೆ ಓದು ಬರುತ್ತಿರಲಿಲ್ಲ. ಆದರೆ ಫೋಟೋದಲ್ಲಿದ್ದ ಒಂದೊಂದು ಮಗುವನ್ನೂ ಬೆರಳಿಟ್ಟು ತೋರಿಸಿದ.

"ಪೇಪರ್‍ನಾಗೆ ಬಂದೈತಲ್ಲ ಸ್ವಾಮಿ. ಪೇಪರ್ ಸುಳ್ಳು ಹೇಳ್ತದಾ?"

"ಅದನ್ನು ಬರೆದವನು ನಾನೇ," ಎಂದೆ.

ಅವನು ನನ್ನ ಚಪ್ಪಲಿಯಿಂದ ತಲೆಯವರೆಗೆ ನೋಡಿದ. ನಂಬಿದನೋ ಇಲ್ಲವೋ ಗೊತ್ತಾಗಲಿಲ್ಲ. ನಾನು ಡಾಕ್ಟರ್ ಹೇಳಿದ್ದನ್ನೆಲ್ಲ ಹೇಳಿದೆ. ಇದು ರಕ್ತದಲ್ಲಿ ಹರಿಯುವ ಕಾಯಿಲೆಯಲ್ಲ, ತಾಯಿಂದ ಮಗುವಿಗೆ ಬರುವಂಥದ್ದಲ್ಲ, ನೀರಿನಿಂದ ಬರುವುದು. ಈ ಹುಡುಗಿ ಬೆಳೆದದ್ದು ಬೇರೆ ನೀರು ಕುಡಿದು. ಅವನು ತಲೆ ಅಲ್ಲಾಡಿಸುತ್ತಾ ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೊಸೆಯುತ್ತಿದ್ದ ಹಗ್ಗವನ್ನು ಪಕ್ಕಕ್ಕಿಟ್ಟ.

"ಬುದ್ಧಿ, ನಿಮ್ಮನೇಲಿ ಮದುವೆಗೆ ಬಂದಿರೋ ಗಂಡು ಅವ್ರಾ?"

"ತಮ್ಮ ಇದ್ದಾನೆ. ಹೆಣ್ಣು ನೋಡ್ತಾ ಇದ್ದೀವಿ."

"ಆ ಊರಿಂದ ತಂದ್ಕಂತೀರಾ?"

"ನಮ್ಮ ಜಾತಿ ಬೇರೆ ಚಿತ್ತಯ್ಯ..."

"ಜಾತಿ ಒಂದೇ ಅಂದ್ಕಳಿ."

ಆ ಮೂರು ಶಬ್ದ ಕೇಳಿದ ಮೇಲೂ ತರುತ್ತೇವೆ ಎಂದು ನನ್ನ ಬಾಯಿಂದ ಬರಲಿಲ್ಲ. ಇದು ನೀರಿನ ಕಾಯಿಲೆ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು. ಆದರೂ ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಡಾಕ್ಟರ ಮಾತಲ್ಲ, ಗುಡಿಯ ಗೋಡೆಗೆ ಸಾಲಾಗಿ ನಿಂತ ಕಾಲುಗಳು. ನನ್ನ ವರದಿಯನ್ನು ನಾನೂ ನಂಬಿಬಿಟ್ಟಿದ್ದೆ. ನಾನು ಬರೆದದ್ದಕ್ಕಿಂತ ಹೆಚ್ಚಾಗಿ, ಅದು ಹೇಳಿದ್ದಕ್ಕಿಂತ ಹೆಚ್ಚಾಗಿ ನಂಬಿದ್ದೆ.

ಚಿತ್ತಯ್ಯ ನನ್ನನ್ನು ಹಂಗಿಸಲಿಲ್ಲ. ಪತ್ರಿಕೆಯನ್ನು ಜೋಪಾನವಾಗಿ ಮಡಿಸಿ ಗೂಡಿನಲ್ಲಿಟ್ಟ. ಅಂಜಿನಮ್ಮ ಎದ್ದಳು. "ನಡಿ ಸ್ವಾಮಿ, ಬಸ್ಸು ತಪ್ತದೆ," ಎಂದಳು. ದಾರಿಯಲ್ಲಿ ಒಂದು ಹೊಂಗೆ ಮರದ ಕೆಳಗೆ ಕೂತು, ಗಂಟು ಬಿಚ್ಚಿ, ರಾಗಿ ರೊಟ್ಟಿ ಹುಚ್ಚೆಳ್ಳು ಚಟ್ನಿಯಲ್ಲಿ ಅರ್ಧ ನನಗೆ ಕೊಟ್ಟಳು. ಬೇಡ ಎನ್ನುವ ಧೈರ್ಯವೂ ನನಗಿರಲಿಲ್ಲ.

ಮಾರನೆಯ ದಿನವೇ ತುಮಕೂರಿಗೆ ಹೋದೆ. ಹಟ್ಟಿಯಲ್ಲಿ ಮದುವೆಗಳು ಮುರಿದ ಸಂಗತಿ ಬರೆಯುತ್ತೇನೆ ಎಂದೆ. ಸಂಪಾದಕರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಆ ಊರಿನ ಹೆಣ್ಣುಗಳನ್ನ ಯಾರೂ ಮದುವೆ ಆಗ್ತಿಲ್ಲ ಅಂತ ಬರೀತೀಯ? ಈಗ ಶಿರಾಕ್ಕೆ ಮಾತ್ರ ಗೊತ್ತಿರೋದು, ಆಮೇಲೆ ಇಡೀ ಜಿಲ್ಲೆಗೆ ಗೊತ್ತಾಗುತ್ತೆ. ಅಷ್ಟೂ ಹೊಳೀಲಿಲ್ವೇನಯ್ಯ ನಿನಗೆ?"

ನಿಜಕ್ಕೂ ಹೊಳೆದಿರಲಿಲ್ಲ. ಗಾಯ ಮಾಡಿದ ಪೆನ್ನಿನಿಂದಲೇ ಔಷಧಿ ಹಚ್ಚಬಹುದು ಎಂದುಕೊಂಡಿದ್ದೆ. ಕೊನೆಗೆ ಅವರು ಒಂದಕ್ಕೆ ಒಪ್ಪಿದರು. ಊರಿನ ಹೆಸರು ಹಾಕದೆ, ಇದು ರಕ್ತದ ಕಾಯಿಲೆಯಲ್ಲ, ನೀರಿನದು ಎಂದು ಡಾಕ್ಟರ ಮಾತಿನಲ್ಲಿ ಒಂದು ಲೇಖನ. ನಾನು ನನ್ನ ಇಡೀ ಜೀವಮಾನದಲ್ಲಿ ಅಷ್ಟು ಎಚ್ಚರದಿಂದ, ಅಷ್ಟು ಸರಳವಾಗಿ ಇನ್ನೊಂದು ಲೇಖನ ಬರೆದಿಲ್ಲ. ಅದು ಒಳಪುಟದಲ್ಲಿ, ಬೀಜದ ಅಂಗಡಿಯ ಜಾಹೀರಾತಿನ ಕೆಳಗೆ ಬಂತು. ಅದನ್ನು ಓದಿದ ಒಬ್ಬನೂ ನನಗೆ ಸಿಗಲಿಲ್ಲ. ನನ್ನ ತಮ್ಮನೂ ಓದಿರಲಿಲ್ಲ.

ಮೊದಲನೆಯದನ್ನು ಎಲ್ಲರೂ ಓದಿದ್ದರು, ಇದನ್ನು ಯಾರೂ ಓದಲಿಲ್ಲ. ಬರೆದವನು ಒಬ್ಬನೇ, ಪತ್ರಿಕೆ ಒಂದೇ, ಸಂಗತಿಯೂ ಒಂದೇ. ಆ ದಿನಗಳಲ್ಲಿ ನಾನು ಊಟ ಸರಿಯಾಗಿ ಮಾಡುತ್ತಿರಲಿಲ್ಲ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಓದದಿದ್ದರೆ ನಾನೇ ಓದಿ ಹೇಳುತ್ತೇನೆ ಎಂಬ ಹಟ ಬಂತು. ಶಿರಾದ ಸಂತೆಯ ದಿನ ಪತ್ರಿಕೆ ಹಿಡಿದು ಹೋಟೆಲುಗಳಲ್ಲಿ ಕೂತೆ. ಬಸ್ ಸ್ಟ್ಯಾಂಡಿನ ಹತ್ತಿರದ ಟೀ ಅಂಗಡಿಯ ಸಾಬರು ನನ್ನ ಗುರುತಿನವರು. "ಪಡೋ ಭಾಯ್, ಜೋರಾಗಿ ಓದಿ. ಕುರಿ ಮಾರೋಕೆ ಬಂದೋರೆಲ್ಲಾ ಇಲ್ಲೇ ಅವ್ರೆ," ಎಂದು ಬೆಂಚು ಹಾಕಿಕೊಟ್ಟರು. ನಾನು ಬರೆದದ್ದನ್ನು ನಾನೇ ಗಂಟಲು ಹರಿಯುವ ಹಾಗೆ ಓದಿದೆ. ಕೆಲವರು ಕೇಳಿದರು, ಕೆಲವರು ಟೀ ಕುಡಿದು ಎದ್ದು ಹೋದರು. ಹೀಗೆ ಹಲವು ಸಂತೆ ನಡೆಯಿತು. ಬಾತ್ಮೀದಾರನಿಗೆ ತಲೆ ಕೆಟ್ಟಿದೆ ಎಂದು ಬೇರೆ ಪತ್ರಿಕೆಯವರು ಆಡಿಕೊಂಡರು.

ಒಂದು ಸಂತೆಯಲ್ಲಿ ಓದಿ ಮುಗಿಸಿದ ಮೇಲೆ ಒಬ್ಬ ಯುವಕ ಹತ್ತಿರ ಬಂದ. ಲಾರಿ ಕ್ಲೀನರ್, ಕೈಯೆಲ್ಲ ಗ್ರೀಸು.

"ಅಂಗಾರೆ ನೀರು ಬದ್ಲಾಯ್ಸಿದ್ರೆ ಸಾಕಾ ಸಾರ್? ಮಕ್ಕಳಿಗೆ ಬರಾಕಿಲ್ವಾ?"

"ಬರಲ್ಲಪ್ಪ."

ಅವನು ತಲೆ ತಗ್ಗಿಸಿಕೊಂಡು ನಿಂತ. "ನಾನು ಈರಣ್ಣ. ಚಿತ್ತಯ್ಯನ ಮಗ."

ರತ್ನಮ್ಮನಿಗೆ ನಿಶ್ಚಯವಾಗಿದ್ದ ಗಂಡು ಇವನೇ. ಅಷ್ಟು ಸಂತೆಗಳಲ್ಲಿ ಓದಿದ್ದು ಸಾರ್ಥಕವಾಯಿತು ಎನಿಸಿತು. ಮುಂದಿನ ವಾರವೇ ಅವನು ತಂದೆಗೆ ಎದುರು ಹೇಳಿ, ಹಟ್ಟಿಗೆ ಹೋಗಿ, ಅಂಜಿನಮ್ಮನ ಮನೆಯ ಮುಂದೆ ನಿಂತನಂತೆ. ನಾನು ಮದುವೆಯ ಕರೆಯೋಲೆಗೆ ಕಾಯುತ್ತಾ ಕೂತೆ. ಕರೆ ಬರಲಿಲ್ಲ. ಕಾದು ಕಾದು ನಾನೇ ಹೋದೆ.

ಹಟ್ಟಿಯಲ್ಲಿ ಹೊಸ ನಲ್ಲಿಯ ಕಟ್ಟೆಯ ಮೇಲೆ ರತ್ನಮ್ಮ ಬಿಂದಿಗೆ ತೊಳೆಯುತ್ತಿದ್ದಳು.

"ಈರಣ್ಣ ಬಂದಿದ್ದನಂತಲ್ಲಮ್ಮ?"

"ಬಂದಿದ್ದ. ಬ್ಯಾಡ ಅಂದೆ."

"ಯಾಕಮ್ಮ? ಅವನು ಎಲ್ಲಾ ತಿಳ್ಕೊಂಡು ಬಂದಿದ್ದ..."

ಅವಳು ಬಿಂದಿಗೆಯನ್ನು ಬೋರಲು ಹಾಕಿದಳು. "ಒಂದು ಪೇಪರ್ ಕೇಳಿ ಬ್ಯಾಡ ಅಂದ, ಇನ್ನೊಂದು ಪೇಪರ್ ಕೇಳಿ ಬೇಕು ಅಂತಾನೆ. ನಾಳೆ ಮೂರ್‍ನೇದು ಬಂದ್ರೆ? ನಾನು ಪೇಪರ್ ಜೊತೆ ಬಾಳ್ವೆ ಮಾಡಕ್ಕಾಯ್ತದಾ ಸ್ವಾಮಿ? ಅವನು ಒಂದ್ಸಲಾನಾರ ಬಂದು ನನ್ ನೋಡಿ, ನನ್ ಕೇಳಿ ಹೋಗಿದ್ರೆ ಬೇರೆ ಮಾತು."

ನಲ್ಲಿಯ ನೀರು ಕಟ್ಟೆಯ ಮೇಲೆ ಹರಿಯುತ್ತಿತ್ತು. ಅವಳು ತಿರುಪನ್ನು ಬಿಗಿ ಮಾಡಿ ಬಿಂದಿಗೆ ಸೊಂಟಕ್ಕಿಟ್ಟು ಹೊರಟಳು. ನನ್ನ ಎರಡೂ ಬರಹಗಳನ್ನು ಅವಳು ಒಂದೇ ತಕ್ಕಡಿಗೆ ಹಾಕಿ ಪಕ್ಕಕ್ಕೆ ಇಟ್ಟುಬಿಟ್ಟಿದ್ದಳು.

ಕೊನೆಗೆ ರತ್ನಮ್ಮನ ಮದುವೆ ಗಡಿಯಾಚೆ ಆಯಿತು. ಅಂಜಿನಮ್ಮ ತಾನೇ ಬಂದು ಕರೆದಳು. ಗಂಡಿನ ಕಡೆಯವರು ಹೇಗೆ ಒಪ್ಪಿದರು ಎಂದು ಕೇಳಿದ್ದಕ್ಕೆ, ಅವಳು ಎಲೆಗೆ ಸುಣ್ಣ ಹಚ್ಚುತ್ತಾ ಸಲೀಸಾಗಿ ಹೇಳಿದಳು: "ಅಲ್ಲಿ ಎಲ್ರೂ ತೆಲುಗೋರು ಸ್ವಾಮಿ. ನಿಮ್ ಕನ್ನಡ ಪೇಪರ್ ಅಲ್ಲಿಗೆ ಬರಾಕಿಲ್ಲ."

ನಾನು ನಕ್ಕೆ. ನಗು ಅರ್ಧಕ್ಕೇ ನಿಂತಿತು. ನನ್ನ ಅಕ್ಷರ ತಲುಪದ ಜಾಗ ಹುಡುಕಿ ಅವರು ಹೆಣ್ಣು ಕೊಟ್ಟಿದ್ದರು.

ಗಡಿಯಾಚೆಯ ಗಂಡಿನ ಊರಿಗೆ ಮದುವೆಗೆ ಹೋದೆ. ಚಪ್ಪರದ ಕೆಳಗೆ ಎಲೆ ಹಾಕಿ ಕೂರಿಸಿದ್ದರು. ನೀರು ಬಡಿಸಲು ಬಂದ ಹುಡುಗಿ ಬಗ್ಗಿದಾಗ ಲಂಗದ ಕೆಳಗೆ ಅವಳ ಕಾಲು ಕಂಡಿತು. ನಾನು ತಲೆಯೆತ್ತಿ ಸುತ್ತ ನೋಡಿದೆ. ವಾಲಗದವರ ಮುಂದೆ ಕುಣಿಯುತ್ತಿದ್ದ ಮಕ್ಕಳ ಕಾಲು. ಕತ್ತು ತಿರುಗಿಸಲಾರದ ಬೀಗರು. ನಗುವ ಬಾಯಿಗಳಲ್ಲಿ ಅದೇ ಕಂದು ಗೆರೆ. ಇಲ್ಲೂ ಅದೇ ನೀರು. ಇಲ್ಲಿ ಯಾರೂ ಬಂದು ಬರೆದಿರಲಿಲ್ಲ, ಆದ್ದರಿಂದ ಇದು ಯಾರಿಗೂ ವಿಶೇಷವಾಗಿ ಕಂಡಿರಲಿಲ್ಲ. ಸೊಟ್ಟ ಕಾಲಿನವರ ಮದುವೆಗಳೂ ಎಲ್ಲರ ಮದುವೆಗಳಂತೆ ನಡೆಯುತ್ತಿದ್ದವು. ತುತ್ತು ನನ್ನ ಬಾಯಿಗೆ ಹೋಗಲಿಲ್ಲ.

ಅಂಜಿನಮ್ಮ ನನ್ನ ಮುಖ ನೋಡಿದವಳೇ ಬಂದು ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಉಣ್ಣು ಸ್ವಾಮಿ. ಬರೀಬ್ಯಾಡ," ಎಂದಳು ಬೇರೆಯವರಿಗೆ ಕೇಳದ ಹಾಗೆ. "ನಿನ್ ಕಾಲಿಗೆ ಬೀಳ್ತೀನಿ. ಬರೀಬ್ಯಾಡ."

"ಅಂಜಿನಮ್ಮ, ಈ ಮಕ್ಕಳು..."

"ನಂಗ್ ಗೊತ್ತು. ಗೊತ್ತಿದ್ದೇ ಕೊಟ್ಟಿದ್ದು. ಇನ್ನೆಲ್ಲಿ ಕೊಡ್ಲಿ ಹೇಳು?"

ಹೊರಡುವಾಗ ರತ್ನಮ್ಮನನ್ನು ಹರಸಲು ಹೋದೆ. ಅರಿಶಿನದ ಮೈಯಲ್ಲಿ, ಬಾಸಿಂಗ ಬಿಚ್ಚಿಟ್ಟು ಕೂತಿದ್ದಳು. ಅವಳು ಸುತ್ತ ನೋಡಿ ಮೆಲ್ಲಗೆ ಹೇಳಿದಳು: "ನಮ್ಮಮ್ಮ ಬ್ಯಾಡ ಅಂತಾಳೆ. ನೀನು ಬರಿ ಸ್ವಾಮಿ. ಆದ್ರೆ ಈಗ ಬ್ಯಾಡ. ನಮ್ ನಾದಿನಿಗೆ ಗಂಡು ನೋಡ್ತಾವ್ರೆ. ಅವಳದೊಂದು ಆಗ್ಲಿ. ನಾನೇ ಬಂದು ಹೇಳ್ತೀನಿ."

ಸುದ್ದಿಯೊಂದನ್ನು ಕೈಯಲ್ಲಿಟ್ಟುಕೊಂಡು ಕಾಯುವುದು ಎಂಥ ಹಿಂಸೆ ಎಂದು ಈ ಕೆಲಸದಲ್ಲಿದ್ದವರಿಗೆ ಮಾತ್ರ ಗೊತ್ತು. ಇನ್ನೊಂದು ಕಡೆ, ಒಂದೊಂದು ದಿನವೂ ಆ ಮಕ್ಕಳು ಅದೇ ನೀರು ಕುಡಿಯುತ್ತಿದ್ದರು. ಬಾಯಿ ಬಿಟ್ಟರೆ ಒಂದು ಹುಡುಗಿಯ ಬದುಕು ಕೆಡುತ್ತದೆ, ಮುಚ್ಚಿಕೊಂಡರೆ ಊರ ಮಕ್ಕಳ ಮೂಳೆ ಕೆಡುತ್ತದೆ. ಸಂಪಾದಕರಿಗೆ ಹೇಳಿದೆ. "ನಲವತ್ತು ವರ್ಷ ಪತ್ರಿಕೆ ನಡೆಸಿದ್ದೀನಿ ರುದ್ರಣ್ಣ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ," ಎಂದರು. ಅಂಥ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿ ಇನ್ನಷ್ಟು ಕಂಗಾಲಾದೆ. ನಾನು ಆಚೆ ಕಡೆಯ ಆರೋಗ್ಯ ಕೇಂದ್ರದ ಡಾಕ್ಟರನ್ನು ಹುಡುಕಿಕೊಂಡು ಹೋಗಿ, ಪತ್ರಿಕೆಯವನಾಗಿ ಅಲ್ಲ, ಬೀಗರ ಕಡೆಯವನಾಗಿ, ನೀರಿನ ವಿಷಯ ಹೇಳಿ ಬಂದೆ. ಅವರು ಬರೆದುಕೊಂಡರು. ಏನೂ ಆಗಲಿಲ್ಲ.

ಮುಂದೆ ಏನಾಯಿತೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವರದಿ ಬಂತು. ಕನ್ನಡದಲ್ಲಿ ನಾನು ಬರೆದೆ. ಅದನ್ನು ತೆಲುಗಿಗೆ ಮಾಡಿಸಿ ಹಿಂದೂಪುರದ ಒಬ್ಬ ಬಾತ್ಮೀದಾರ ಗೆಳೆಯನಿಗೂ ಕೊಟ್ಟೆ. ಗಡಿಯ ಎರಡೂ ಕಡೆಯ ಊರುಗಳ ನೀರಿನ ಮಾತು ಅದರಲ್ಲಿತ್ತು. ಯಾವ ಊರಿನ ಹೆಸರೂ ತಲೆಬರಹದಲ್ಲಿ ಇರಲಿಲ್ಲ. ಫೋಟೋದಲ್ಲಿ ಸೊಟ್ಟ ಕಾಲಿನವರೂ ನೆಟ್ಟ ಕಾಲಿನವರೂ ಹೆಗಲ ಮೇಲೆ ಕೈ ಹಾಕಿಕೊಂಡು ಒಟ್ಟಿಗೆ ನಿಂತಿದ್ದರು. ಅಚ್ಚಿಗೆ ಕಳಿಸುವ ಮೊದಲು ಅದನ್ನು ರತ್ನಮ್ಮನ ಗಂಡನ ಊರಿನ ಹೆಂಗಸರಿಗೆ ತೆಲುಗಿನಲ್ಲೇ ಓದಿಸಿ ಕೇಳಿಸಿದೆ. ಅವರು ಬೇಡವೆಂದ ಎರಡು ಸಾಲು ತೆಗೆದೆ. ಆ ಮೊದಲ ವರದಿಯಷ್ಟು ಅದು ಗದ್ದಲ ಎಬ್ಬಿಸಲಿಲ್ಲ. ಸಂಪಾದಕರು ಕೈ ಕುಲುಕಲಿಲ್ಲ, ತಲೆಯಾಡಿಸಿದರು. ಆದರೆ ಅದನ್ನು ಹಿಡಿದುಕೊಂಡು ಊರವರೇ ಕಚೇರಿಗಳ ಬಾಗಿಲು ತಟ್ಟಿದರು. ನಿಧಾನವಾಗಿ, ತುಂಬಾ ನಿಧಾನವಾಗಿ, ಆ ಊರಿಗೂ ಬೇರೆ ನೀರು ಬಂತು. ಅದರಿಂದ ಯಾರದಾದರೂ ಮದುವೆ ಮುರಿಯಿತೆಂದು ನನ್ನ ಕಿವಿಗೆ ಬೀಳಲಿಲ್ಲ.

ಈ ಮಕ್ಕಳು ನನ್ನನ್ನು ಗೆಲುವೆಂದರೇನು ಎಂದು ಕೇಳಿದಾಗ, ನಾನು ಆ ವರದಿಯ ಬಗ್ಗೆಯೂ ಹೇಳುವುದಿಲ್ಲ. ಅದನ್ನು ಬರೆಯುವುದಕ್ಕೂ ಮುಂಚಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಬೇಸಿಗೆ. ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ರತ್ನಮ್ಮ. ಬಿಸಿಲಲ್ಲಿ ಮುಖ ಕಂದಿತ್ತು, ಸೆರಗಿನಲ್ಲಿ ಮಗು. ಎರಡು ಬಸ್ಸು ಬದಲಾಯಿಸಿ ಒಬ್ಬಳೇ ಬಂದಿದ್ದಳು. ನನ್ನ ಹೆಂಡತಿ ನೀರು ಕೊಟ್ಟಳು. ಅವಳು ಮೊದಲು ಮಗುವಿಗೆ ಕುಡಿಸಿ ಆಮೇಲೆ ತಾನು ಕುಡಿದಳು.

"ನಾದಿನಿ ಮದುವೆ ಆಯ್ತು ಸ್ವಾಮಿ," ಎಂದಳು. "ಹೋದ್ ತಿಂಗ್ಳು."

ಅವಳು ಮಗುವನ್ನು ಸೆರಗಿನಿಂದ ಬಿಡಿಸಿ ನೆಲದ ಮೇಲೆ ನಿಲ್ಲಿಸಿದಳು. ಒಂದೂವರೆ ವರ್ಷದ ಗಂಡುಮಗು. ಅದು ಒಂದು ಕ್ಷಣ ತೂಗಾಡಿ, ಸಾವರಿಸಿಕೊಂಡು, ನಮ್ಮ ನಡುಮನೆಯಲ್ಲಿ ಪಟಪಟನೆ ನಡೆಯತೊಡಗಿತು. ರತ್ನಮ್ಮ ಅದರ ಕಾಲುಗಳನ್ನೇ ನೋಡುತ್ತಿದ್ದಳು. ನಾನೂ ನೋಡಿದೆ.

"ಇವನ್ ಕಾಲು ಇನ್ನಾ ನೆಟ್ಟಗವೆ," ಎಂದಳು. "ಜಲ್ದಿ ಬರಿ."